ಹಲಗೆಯ ಮೇಲೆ ಬರೆದ ಹೆಸರು

ಮೋಟರಿನ ಸುರುಳಿಗೆ ಹಚ್ಚುವ ವಾರ್ನಿಷ್ ವಾಸನೆ ನಿಮಗೆ ಹಿಡಿಸಲಿಕ್ಕಿಲ್ಲ. ನನಗೆ ಅದು ಮೂಗಿಗೆ ಬಡಿದರೆ ಎದೆ ಉಬ್ಬುತ್ತದೆ. ಮೊನ್ನೆಯೂ ಮೂಡಲಗಿಯಲ್ಲಿ ಮೋಟರಿಗೆ ಹೊಸ ತಂತಿ ಸುತ್ತಿ ಕಟ್ಟುವ ಅಂಗಡಿಯ ಸ್ಟೂಲಿನ ಮೇಲೆ ಕೂತು ಅದನ್ನೇ ಎಳೆದುಕೊಳ್ಳುತ್ತಿದ್ದೆ. ತುಕ್ಕಾನಟ್ಟಿ, ಕುಲಗೋಡದ ರೈತರು ಸುಟ್ಟ ಮೋಟರುಗಳನ್ನು ಇಲ್ಲಿಗೇ ತರುತ್ತಾರೆ. ಈ ಅಂಗಡಿಯವನು ಕಟ್ಟಿದ ಮೋಟರು ಬೇಗ ಸುಡುವುದಿಲ್ಲವೆಂದು ನಾನು ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೇನೆ. ಅವನು ನನ್ನ ಮಗನಲ್ಲ, ಅಳಿಯನೂ ಅಲ್ಲ. ಹೆಸರು ಮಾತ್ರ ಇಲ್ಲಿ ಬರೆಯಲಾರೆ. ಒಮ್ಮೆ ಬರೆದದ್ದೇ ಹೆಚ್ಚಾಗಿದೆ.

ನಾನು ಹರೆಯದವನಿದ್ದಾಗ ನಮ್ಮೂರು ಕೊಣ್ಣೂರಿನ ಬಸ್‌ಸ್ಟ್ಯಾಂಡಿನ ಪಕ್ಕ ಒಂದು ಸುದ್ದಿ ಹಲಗೆ ಇತ್ತು. ದಿನಾ ಬೆಳಿಗ್ಗೆ ಪತ್ರಿಕೆಯ ಮುಖ್ಯ ಸುದ್ದಿಯನ್ನೂ ಅದರ ಕೆಳಗೆ ಊರಿನ ಸುದ್ದಿಯನ್ನೂ ಬರೆಯುವವನು ನಾನು. ಮೆಟ್ರಿಕ್ ಮುಗಿಸಿದ್ದೆ, ಅಕ್ಷರ ದುಂಡಗಿತ್ತು. ಜನ ಅದನ್ನು ನೋಡಲೆಂದೇ ನಿಲ್ಲುತ್ತಾರೆ ಎಂದುಕೊಂಡಿದ್ದೆ; ಬಸ್ಸು ತಡವಾಗುತ್ತಿತ್ತು, ಅಷ್ಟೇ.

ಒಂದು ದಿನ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಹೊಲದ ಮೋಟರಿನ ತಾಮ್ರದ ತಂತಿ ಬಿಚ್ಚಿ ಮಾರಲು ಹೋಗಿ ಸಿಕ್ಕಿಬಿದ್ದ. ನಾನು ಅವನ ಹೆಸರು, ಅಪ್ಪನ ಹೆಸರು, ಓಣಿ ಎಲ್ಲವನ್ನೂ ಕೆಂಪು ಸೀಮೆಸುಣ್ಣದಲ್ಲಿ ಬರೆದು ಕೆಳಗೊಂದು ಬಳ್ಳಿ ಬಿಡಿಸಿದೆ. ಆ ವಯಸ್ಸಿನವರ ಹೆಸರು ಸಾರಬಾರದೆಂದು ಯಾರೂ ಹೇಳಲಿಲ್ಲ; ಹೇಳಿದ್ದರೂ ಕೇಳುತ್ತಿದ್ದೆನೇ? ಸುದ್ದಿ ನಿಜವಿತ್ತಲ್ಲ.

ಹುಡುಗನ ತಾಯಿ ಬಂದಳು. ಓದು ಬಾರದವಳು.

“ಅಣ್ಣಾರ, ನಿಮ್ಮ ಅಕ್ಷರ ಭಾಳ ಚಂದ ಅಂತಾರ. ಏನ್ ಬರದೀರಿ, ಓದ್ರಿ.”

ಜನರ ನಡುವೆ ಓದಿದೆ.

“ಕದ್ದದ್ದು ಖರೆ. ನಾ ಇಲ್ಲ ಅನ್ನಂಗಿಲ್ಲ. ತಂತಿ ಹೊಲದವರಿಗೆ ಹೊಳ್ಳಿ ಕೊಟ್ಟೀವಿ. ನನ್ನ ಮಗನ ಹೆಸರ ನೀವು ಹೆಂಗ ಹೊಳ್ಳಿ ಕೊಡತೀರಿ?”

ಮರುದಿನ ನಾನು ಹಲಗೆ ಒರೆಸಿದೆ. ಊರು ಒರೆಸಲಿಲ್ಲ. ಶಾಲೆಯಲ್ಲಿ ಎಲ್ಲರೂ ಅವನನ್ನು ‘ತಂತಿ’ ಎಂದೇ ಕರೆದರು. ಅವನು ಶಾಲೆ ಬಿಟ್ಟು ಹುಕ್ಕೇರಿಯ ಸೋದರಮಾವನ ಮನೆ ಸೇರಿದ. ಅಲ್ಲೇ ಮೋಟರು ಕಟ್ಟುವುದನ್ನು ಕಲಿತ. ಮೂಡಲಗಿಯಲ್ಲಿ ಅಂಗಡಿ ಹಾಕಿದ ಮೇಲೆ ನಾನಾಗಿಯೇ ಹೋಗಿ ಕೂರತೊಡಗಿದೆ. ಅವನು ಚಹಾ ತರಿಸುತ್ತಾನೆ. ಹಲಗೆಯ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

ಮೊನ್ನೆ ರೈತನೊಬ್ಬ ತಾನು ಬೆಳಿಗ್ಗೆ ಕೊಟ್ಟ ಮೋಟರಿನ ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದ. ಅದರ ತಂತಿಯನ್ನೂ ಯಾರೋ ಕಿತ್ತಿದ್ದರು.

“ನೋಡ್ರಿ ಕಾಕಾ, ಕಳ್ಳ ಸಿಕ್ಕಾನ. ವಾಟ್ಸಾಪ್ ಗ್ರೂಪಿಗೆ ಈಗ ಫೋಟೋ ಹಾಕೇನಿ. ನೀವೂ ನಾಕ ಮಂದಿಗೆ ಕಳಸ್ರಿ.”

ಫೋಟೋದಲ್ಲಿ ಮೀಸೆ ಮೂಡದ ಮುಖ.

“ಇನ್ನೂ ಹುಡುಗ ಐತಲ್ಲೋ ತಮ್ಮಾ.”

“ಹುಡುಗ? ನನ್ನ ಕಬ್ಬ ಒಣಗಾಕತ್ತೈತಿ, ಅದರ ಮುಂದ ಹೇಳ್ರಿ ಹುಡುಗ ಅಂತ!”

ಅವನ ಸಿಟ್ಟು ಸುಳ್ಳಲ್ಲ. ಆದರೂ ಹಲಗೆಯ ಕಥೆ, ಆ ತಾಯಿಯ ಮಾತು, ಎಲ್ಲವನ್ನೂ ಹೇಳಿದೆ. “ಬರದಾಂವ ನಾನ. ತಪ್ಪ ಮಾಡಿದೆ” ಎಂದೆ, ಅಂಗಡಿಯವನ ಕಡೆ ನೋಡದೆ. ಸುರುಳಿ ಸುತ್ತುವ ಸದ್ದು ನಿಂತಿತು.

“ಆ ಹುಡುಗ ಈಗ ಎಲ್ಲಿ ಅದಾನ್ರಿ?” ರೈತ ಕೇಳಿದ.

ಅದನ್ನು ಹೇಳುವ ಹಕ್ಕು ನನಗಿರಲಿಲ್ಲ.

“ನಿಮ್ಮ ಮೋಟರ್ ಕಟ್ಟಾಕತ್ತಾನ್ರಿ,” ಅಂಗಡಿಯವನು ತಲೆ ಎತ್ತಿ ಹೇಳಿದ.

ನನ್ನ ಸ್ವಂತ ಮಗ ಪಾಸಾದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ರೈತ ಅಂಗಡಿಯವನನ್ನು ನೋಡಿದ, ಮೋಟರನ್ನು ನೋಡಿದ. “ಸಂಜಿಗೆ ಮುಗೀತೈತಿಲ್ಲೋ?”

“ಮುಗಸ್ತೇನ್ರಿ.”

ರೈತ ಫೋನಿನಲ್ಲಿ ಆ ಹುಡುಗನ ಫೋಟೋ ಇನ್ನೊಮ್ಮೆ ತೆರೆದ. “ಕಾಕಾ, ಇದನ್ನ ಎಲ್ಲಾರ ಫೋನಿನ್ಯಾಗಿಂದ ಅಳಸೂದು ಹೆಂಗ್ರಿ?”

ನನಗೂ ಬರುತ್ತಿರಲಿಲ್ಲ. ಅಂಗಡಿಯವನೇ ಕೈ ಒರೆಸಿಕೊಂಡು ಎದ್ದು ಬಂದು, ಎಲ್ಲಿ ಒತ್ತಬೇಕೆಂದು ತೋರಿಸಿದ.