ಬ್ಯಾರನ್ನಿನೊಳಗೆ ಕುದುರೆ ನಿಲುವು

ಹುಣಸೂರಿನಲ್ಲಿ ಮುಚ್ಚಿಹೋದ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಕುಂಗ್ ಫೂ ಕ್ಲಾಸು ಶುರುವಾದಾಗ ನಾನು ಪಿಯುಸಿ ಓದುತ್ತಿದ್ದೆ. ತೊಂಬತ್ತರ ದಶಕದ ಕೊನೆ. ಭಾನುವಾರ ಬೆಳಿಗ್ಗೆ ಹನಗೋಡಿನ ಕಡೆಯಿಂದ ಬರುವ ಮೊದಲ ಬಸ್ಸು ಹಿಡಿದು ಹೋಗುತ್ತಿದ್ದೆ. ಹುಡುಗಿ ಅಂತ ಇದ್ದವಳು ನಾನೊಬ್ಬಳೇ. ಮೊದಲು ತಾಯ್ ಚಿ, ಆಮೇಲೆ ಒದೆ, ಗುದ್ದು. ತಾಯ್ ಚಿಯಲ್ಲಿ ಕೈಕಾಲು ಎಷ್ಟು ನಿಧಾನ ಆಡಬೇಕೆಂದರೆ, ಗೇಟಿನಾಚೆ ನಿಂತು ನಗುತ್ತಿದ್ದವರು ಬೇಸತ್ತು ಹೊರಟುಹೋಗುತ್ತಿದ್ದರು. ಅವರು ಬೇಗ ತೊಲಗಲಿ ಎಂದೇ ನಾನು ಇನ್ನಷ್ಟು ನಿಧಾನ ಮಾಡುತ್ತಿದ್ದೆ.

ಮಾಸ್ಟರಿಗೆ ಎಲ್ಲಕ್ಕಿಂತ ಪ್ರೀತಿ ಕುದುರೆ ನಿಲುವಿನ ಮೇಲೆ. ಕುದುರೆ ಏರಿದವರಂತೆ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ನಿಲ್ಲಬೇಕು. ನಮ್ಮ ತೊಡೆಗಳು ಗಡಗಡ ನಡುಗುತ್ತಿದ್ದರೆ ಅವರು ಆರಾಮವಾಗಿ ಟೀ ಕುಡಿಯುತ್ತ, "ಒದೆಯೋದಿರಲಿ, ಮೊದಲು ನಿಲ್ಲೋದು ಕಲೀರಿ" ಎನ್ನುತ್ತಿದ್ದರು.

ಊರಿನಲ್ಲಿ ಇದಕ್ಕೆ ಚೀನಾ ಕುಣಿತ ಎಂದು ಹೆಸರು ಬಿತ್ತು. ಕಾಲು ಅಗಲಿಸಿ ನಿಲ್ಲುವ ಹೆಣ್ಣೆಂದರೆ ಮನೆತನದ ಮರ್ಯಾದೆಯೇ ಮಣ್ಣುಪಾಲಾಯಿತು ಎನ್ನುವಂತೆ ದೊಡ್ಡಪ್ಪ ಅಪ್ಪನ ತಲೆ ತಿಂದರು.

"ಕ್ಲಾಸು ಸಾಕು ಬುಡವ್ವ," ಎಂದ ಅಪ್ಪ. "ಜನ ಒಂಥರಾ ಮಾತಾಡ್ತಾವ್ರೆ."

"ಮಾತಾಡ್ಕಳ್ಳಿ. ನಾನು ಹೋಗೋಳೇ ಕಣಪ್ಪ."

ಅಪ್ಪ ಹೊಲದ ಕಡೆ ಹೊರಟ. ಹೊಗೆಸೊಪ್ಪು ಮುರಿಯುವ ಕಾಲ ಹತ್ತಿರವಾಗಿತ್ತು. ಕೆಲಸ ಬಿದ್ದರೆ ಇವಳ ಹುಚ್ಚು ತಾನಾಗಿ ಬಿಡುತ್ತದೆ ಎಂದುಕೊಂಡಿರಬೇಕು.

ಅಪ್ಪ, ದೊಡ್ಡಪ್ಪ ಜೊತೆಯಲ್ಲೇ ಹೊಗೆಸೊಪ್ಪು ಬೆಳೆಯುತ್ತಿದ್ದರು. ಹಸಿ ಸೊಪ್ಪನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕೋಣೆಯೊಳಗೆ ನೇತುಹಾಕಿ, ಬೆಂಕಿಯ ಕಾವಿನಲ್ಲಿ ಹದ ಮಾಡಬೇಕು. ಒಬ್ಬರು ಮೇಲೆ ಹತ್ತಿ, ಎರಡು ಅಡ್ಡಮರಗಳ ಮೇಲೆ ಒಂದೊಂದು ಕಾಲಿಟ್ಟು ನಿಂತು, ಕೆಳಗಿನವರು ಎತ್ತಿಕೊಟ್ಟ ಕಡ್ಡಿಗಳನ್ನು ಸಾಲಾಗಿ ತೂಗುಹಾಕುತ್ತಾರೆ. ಕಟ್ಟುವುದು ಹೆಂಗಸರು, ಹತ್ತುವುದು ಗಂಡಸರು. ಹೆಣ್ಣಿನ ಕಾಲ ಕೆಳಗೆ ಗಂಡಸು ನಿಲ್ಲಬಾರದು ಎಂಬುದು ನಮ್ಮ ಮನೆಯ ಕಟ್ಟುಪಾಡು. ಮಾಡಿದವರು ಯಾರೋ ಗಂಡಸರೇ ಇರಬೇಕು.

ಆ ವರ್ಷ ಮೊದಲ ಸೊಪ್ಪು ಮುರಿದ ದಿನವೇ ಹತ್ತುವ ಆಳು ಕೊಡಗಿನ ತೋಟದ ಕೆಲಸಕ್ಕೆ ಹೊರಟುಹೋಗಿದ್ದ. ಉಳಿದ ಆಳುಗಳೆಲ್ಲ ಬೇರೆಯವರ ಬ್ಯಾರನ್ನುಗಳಲ್ಲಿ. ಕಟ್ಟಿದ ಸೊಪ್ಪು ರಾಶಿಯಲ್ಲೇ ಉಳಿದರೆ ಬಿಸಿಯೇರಿ ಕಪ್ಪಾಗುತ್ತದೆ. ಅಪ್ಪನಿಗೆ ಮಂಡಿನೋವು, ದೊಡ್ಡಪ್ಪನಿಗೆ ಹೊಟ್ಟೆ ಅಡ್ಡ. ನಾನು ಒಳಗೆ ಹೋಗಿ ಕ್ಲಾಸಿನ ಕರಿ ಪ್ಯಾಂಟು ಹಾಕಿಕೊಂಡು ಬಂದು ಸರಸರನೆ ಹತ್ತಿದೆ.

"ಇಳಿಯೇ ಕೆಳೀಕೆ! ನಿನ್ನ ಕಾಲ್ ಕೆಳಗೆ ನಾವು ನಿಂತ್ಕಬೇಕಾ?" ದೊಡ್ಡಪ್ಪ ಕೂಗಾಡಿ ಹೊರಗೆ ನಡೆದರು. ಅವ್ವ ಕಡ್ಡಿ ಎತ್ತಿಕೊಟ್ಟಳು. ಸ್ವಲ್ಪ ಹೊತ್ತಿಗೆ ಅಪ್ಪನೂ ಬಂದು ಕೈಹಾಕಿದ. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗೆ: ಗಿರಣಿಯ ಅಂಗಳದ ಅದೇ ನಿಲುವು. ಕತ್ತಲಾಗುವ ಮುಂಚೆ ಬ್ಯಾರನ್ ತುಂಬಿತು.

ವಾರ ಕಳೆದು ಬಾಗಿಲು ತೆಗೆದಾಗ ಸೊಪ್ಪು ಒಳ್ಳೆ ಹಳದಿ ಬಂದಿತ್ತು. ಸೌದೆ ಚೆನ್ನಾಗಿತ್ತು ಎಂದರು ದೊಡ್ಡಪ್ಪ. ಅಪ್ಪ ಖುಷಿಯಾಗಿ, "ಈ ಭಾನುವಾರ ಮುರಿಯೋ ಸೊಪ್ಪಿಗೂ ನೀನೇ ಹತ್ಬುಡು ಕಣವ್ವ. ಕ್ಲಾಸು ಗೀಸು ಇನ್ಯಾಕೆ," ಎಂದ.

ನನಗೆ ಮೈಯೆಲ್ಲ ಉರಿಯಿತು. ನಿಲ್ಲುವುದನ್ನು ಕಲಿಸಿದ ಕ್ಲಾಸನ್ನೇ ಬಿಡಿಸಿ, ಆ ನಿಲುವನ್ನು ಮಾತ್ರ ಇಟ್ಟುಕೊಳ್ಳುತ್ತಾರಂತೆ!

"ಕ್ಲಾಸಿಗೆ ಹೋಗಿ ಬಂದು ಹತ್ತೀನಿ. ಅಲ್ಲೀಗಂಟ ಕಾಯ್ರಿ. ಇಲ್ಲಾಂದ್ರೆ ನೀವೇ ಹತ್ಕಳಿ."

ಭಾನುವಾರ ಹೋಗಿಯೇ ಹೋದೆ. ತಾಯ್ ಚಿಯನ್ನು ಅವತ್ತು ಒಂದಿಷ್ಟೂ ಅವಸರ ಮಾಡಲಿಲ್ಲ. ಮಧ್ಯಾಹ್ನ ಬಸ್ಸಿಳಿದು ಮನೆಗೆ ಬಂದರೆ ಕಟ್ಟಿದ ಕಡ್ಡಿಗಳನ್ನು ಹುಣಸೆಮರದ ನೆರಳಿನಲ್ಲಿ ಹರಡಿಟ್ಟು, ಅಪ್ಪ, ದೊಡ್ಡಪ್ಪ ಇಬ್ಬರೂ ರಸ್ತೆ ಕಡೆಗೆ ಮುಖ ಮಾಡಿ ಕೂತಿದ್ದರು. ನೀರು ಕುಡಿದು ಹತ್ತಿದೆ.

ಕೆಳಗಿನಿಂದ ಮೊದಲ ಕಡ್ಡಿ ಎತ್ತಿದವರು ದೊಡ್ಡಪ್ಪ. ನನ್ನ ಕಾಲ ಕೆಳಗೇ ನಿಂತು, ತಲೆಯೆತ್ತದೆ ಕೇಳಿದರು: "ಸರ್ಯಾಗಿ ನಿಂತಿದ್ದೀಯೇನವ್ವ?"

"ನಿಂತಿದ್ದೀನಿ ದೊಡ್ಡಪ್ಪ. ಕೊಡಿ."