ರಂಗೂಬಾಯಿಯ ಕಂಚಿನ ಬಟ್ಟಲು

ಪುಣೆಯ ಕಸಬಾ ಪೇಟೆಯಲ್ಲಿ ಇನ್ನೂ ನಸುಕು. ಹಲವು ಸಂಸಾರಗಳಿರುವ ಹಳೆಯ ವಾಡೆಯ ಹಿಂಬದಿ ಕೋಣೆಯಲ್ಲಿ ರಂಗೂಬಾಯಿ ಕಂಚಿನ ಬಟ್ಟಲಿನ ತಳಕ್ಕೆ ತುಪ್ಪ ಸವರಿ ಕೃಷ್ಣಾಬಾಯಿಯ ಬಲಭುಜದ ಮೇಲೆ ಸುತ್ತು ಸುತ್ತಾಗಿ ಉಜ್ಜುತ್ತಿದ್ದಾರೆ. ಗಂಟು ಸಿಕ್ಕಲ್ಲಿ ಬಟ್ಟಲು ವಾಲಿಸಿ ಅಂಚಿನಿಂದ ಮೆಲ್ಲಗೆ ಒತ್ತುತ್ತಾರೆ.

"ಸತ್ತೆ ರಂಗಕ್ಕಾ!"

"ಸತ್ತವ್ರು ಇಷ್ಟ್ ಬಾಯಿ ಮಾಡಂಗಿಲ್ಲವಾ. ಸುಮ್ಮ ಕೂಡು."

ಕೃಷ್ಣಾಬಾಯಿ ಭುಜಂಗರಾಯರ ಖಾನಾವಳಿಯಲ್ಲಿ ಜೋಳದ ರೊಟ್ಟಿ ತಟ್ಟುವವರು. ತಿಂಗಳಿಂದ ಕೈ ಕಿವಿಯ ಮಟ್ಟಕ್ಕೂ ಏಳುತ್ತಿಲ್ಲ. ಸೋಮವಾರ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದಾರೆ ರಾಯರು. ಇವತ್ತೇ ಸೋಮವಾರ.

ವಾಸಿಯಾಗಲು ಇಷ್ಟು ದಿನ ಹಿಡಿದದ್ದಕ್ಕೆ ಕಾರಣವೂ ಉಂಟು. ಕಂಚಿನಡಿ ತುಪ್ಪ ಉಜ್ಜಿದರೆ ಕಪ್ಪಾಗುತ್ತದೆ. ಒಳಗಿನ ಉಷ್ಣವೇ ಹೊರಬಂತು ಎಂದು ಈ ಕಡೆಯವರ ನಂಬಿಕೆ. ಕೃಷ್ಣಾಬಾಯಿಯ ನಾದಿನಿ ಗೋದಾ ಮನೆಯಲ್ಲೇ ಬಟ್ಟಲು ಹಿಡಿದು, ಇನ್ನೂ ಕಪ್ಪಾಗಲಿ, ಇನ್ನೂ ಕಪ್ಪಾಗಲಿ ಎಂದು ತಿಕ್ಕಿ ಭುಜ ಊದಿಸಿಬಿಟ್ಟಿದ್ದರು. ಅದಕ್ಕೇ ರಂಗೂಬಾಯಿ ಕಪ್ಪು ಕಣ್ಣಿಗೆ ಬೀಳುವ ಮೊದಲೇ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಮಡಚಿಡುತ್ತಾರೆ. ಯಾರಿಗೂ ತೋರಿಸುವುದಿಲ್ಲ. ಯಾಕೆ ಎಂದು ಕೇಳಿದವರಿಗೆ ಹೇಳುವುದು ಇಷ್ಟೇ:

"ಕಪ್ಪು ಕಂಡ್ರ ಆಸೆ ಹುಟ್ತದರೀ, ಇನ್ನಷ್ಟ್ ತಿಕ್ಕು ಅಂತಾರ. ಕಪ್ಪು ಬಟ್ಟಲದ್ದು, ನೋವು ಅವರದು. ನಾ ಯಾರ ಮಾತು ಕೇಳ್ಬೇಕು?"

ಧಾರವಾಡದ ಕಡೆಯಿಂದ ಮದುವೆಯಾಗಿ ಬಂದಾಗ ಅತ್ತೆ ಕಲಿಸಿದ ಕೆಲಸವಿದು. ಗಂಡ ತೀರಿಕೊಂಡ ಮೇಲೆ ಮಗಳು ಭಾಮಾಳನ್ನು ಸಾಕಿದ್ದೂ ಈ ಬಟ್ಟಲೇ. ಆಗ ಬೆಳಗಾಗುವ ಮೊದಲೇ ವಾಡೆಯ ತುಂಬ ಬೀಸುಕಲ್ಲಿನ ಸದ್ದು. ಒಂದು ಮನೆಯಲ್ಲಿ ಮರಾಠಿ ಹಾಡು, ಪಕ್ಕದ ಮನೆಯಲ್ಲಿ ಕನ್ನಡದ್ದು. ಬೀಸಿ ದಣಿದ ಹೆಂಗಸರು ಹಿಟ್ಟಿನ ಕೈಯಲ್ಲೇ ಬಂದು ಭುಜ ಒಡ್ಡಿ ಕೂತರೆ ಊರ ಸುದ್ದಿಯೆಲ್ಲ ಇಲ್ಲೇ ಕರಗುತ್ತಿತ್ತು. ಈಗ ಹಿಟ್ಟಿನ ಗಿರಣಿ ಬಂದಿದೆ. ಬೀಸುಕಲ್ಲು ಗೋಡೆಗೆ ಒರಗಿದೆ. ನೋವಿಗೆ ಅಂಗಡಿಯ ಬಾಮಿನ ಡಬ್ಬಿ.

"ಡಬ್ಬಿ ಮಾತಾಡಂಗಿಲ್ಲಲ್ರೀ," ಎಂದು ರಂಗೂಬಾಯಿ ನಗುತ್ತಾರೆ. "ನನಗ ಮಾತು ಬೇಕು."

ಉಜ್ಜುವುದು ಮುಗಿಯುತ್ತದೆ. ಕೃಷ್ಣಾಬಾಯಿ ಕೈ ಎತ್ತುತ್ತಾರೆ. ಕಿವಿ ದಾಟಿತು!

"ಈಗ ಹೋಗಿ ಹಿಟ್ಟು ನಾದ್ತೀನಿ!"

"ತಟ್ಟು, ನಾದಬ್ಯಾಡ. ನಾದಿದ್ರ ಮತ್ತ ಹಿಡೀತದ."

"ಮತ್ಯಾರು ನಾದ್ತಾರ, ಮಾಲಕರ?"

ರಂಗೂಬಾಯಿ ಸೆರಗು ತಲೆಗೆ ಹೊದ್ದು, ಕೃಷ್ಣಾಬಾಯಿಯನ್ನೂ ಕರೆದುಕೊಂಡು ಹೊರಟೇ ಬಿಡುತ್ತಾರೆ. ಇಷ್ಟು ವರ್ಷದಲ್ಲಿ ಯಾರ ಬಾಗಿಲಿಗೂ ಹೋಗಿ ಏನನ್ನೂ ಕೇಳಿದವರಲ್ಲ.

ಖಾನಾವಳಿಯ ಹಿಂಬಾಗಿಲಲ್ಲಿ ಅವರ ಮಾತು ಕೇಳಿ ಕರಾವಳಿಯ ಭುಜಂಗರಾಯರು ಹುಬ್ಬೇರಿಸುತ್ತಾರೆ. "ಎಂತ ಮಾರಾಯ್ರೆ, ತಟ್ಲಿಕ್ಕೆ ಒಬ್ರು, ನಾದ್ಲಿಕ್ಕೆ ಇನ್ನೊಬ್ರಾ?"

"ಹದಿನೈದು ದಿನ, ರಾಯರ. ಆಮ್ಯಾಲೆ ಎರಡೂ ಅಕೀನ ಮಾಡ್ತಾಳ. ಇವತ್ತ ನಾದಿಸಿದ್ರ ನಿಮಗ ನಾದೂ ಕೈನೂ ಇಲ್ಲ, ತಟ್ಟೂ ಕೈನೂ ಇಲ್ಲ."

ರಾಯರು ಒಳಗೆ ತಟ್ಟೆ ಬಡಿಯುತ್ತಿರುವ ಕಾಲೇಜಿನ ಹುಡುಗರತ್ತ ನೋಡಿ, ಪಂಚೆ ಎತ್ತಿ ಕಟ್ಟಿ ಹಿಟ್ಟು ಕಲಸುವ ಅಗಲ ಪರಾತದ ಮುಂದೆ ಕೂರುತ್ತಾರೆ. "ಆಯ್ತು, ನಾನೇ ನಾದ್ತೇನೆ. ನನ್ನ ಭುಜ ಹಿಡಿದ್ರೆ?"

"ನಿಮಗ ಅಂಗಡಿ ಬಾಮು ಅದ ಅಲ್ರೀ!"

ನಗೆ ಇಳಿಯುವಷ್ಟರಲ್ಲಿ ಒಲೆಯ ಕಡೆಯಿಂದ ರೊಟ್ಟಿ ತಟ್ಟುವ ಸಪ್ಪಳ ಶುರುವಾಗುತ್ತದೆ. ಹೊರಟಿದ್ದ ರಂಗೂಬಾಯಿ ಬಾಗಿಲ ಬಳಿಯೇ ನಿಂತು ಕಿವಿಗೊಡುತ್ತಾರೆ. ಮೊದಲು ತಡವರಿಸಿದ ಬಲಗೈಯ ಸಪ್ಪಳ ನಿಧಾನಕ್ಕೆ ಎಡಗೈಯದಕ್ಕೆ ಸಮ ಆಗುತ್ತದೆ.

"ಕೇಳ್ರಿ," ಎನ್ನುತ್ತಾರೆ ಅವರು, ಬೆರಳೆತ್ತಿ. "ನೋವಿನ ಕೈ ಯಾವ್ದು, ಚಲೋ ಕೈ ಯಾವ್ದು, ಹೇಳ್ರಿ ನೋಡೂಣು."