ಒಂದು ಚೊಂಬು ಹಳೇ ನೀರು

ಇವತ್ತು ಬೆಳಿಗ್ಗೆ ಗೊಟ್ಟಿಗೆರೆಯಿಂದ ಒಂದು ಸ್ಟೀಲ್ ಡಬ್ಬಿ ಬಂತು. ಮುಚ್ಚಳ ತೆಗೆದರೆ ತಣ್ಣೀರಿನ ತಳದಲ್ಲಿ ಹಾಲೊಡೆದು ಮಾಡಿದ ಪನ್ನೀರು, ಅಂಗೈ ಅಗಲದ ಎರಡು ತುಂಡು, ಬೆಳ್ಳಗೆ ಮಲಗಿತ್ತು. ನಿಮ್ಮ ಮನೆಗೆ ಇಂಥದ್ದು ಬಂದರೆ ನೀವೇನು ಮಾಡುತ್ತೀರಿ? ಮೂಸಿ ನೋಡುತ್ತೀರಿ. ನಾನೂ ಮೂಸಿದೆ. ಹಾಲಿನ ಘಮ, ಅಷ್ಟೆ. ಮುರಿದು ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸುವಂಥ ಘಮ. ಡಬ್ಬಿ ಮುಚ್ಚಿ, ಎರಡು ಸಲ ಸೋಪು ಹಾಕಿ ಕೈ ತೊಳೆದು, ಅದನ್ನು ಊಟದ ಮೇಜಿನ ಆ ತುದಿಗೆ ತಳ್ಳಿ ನಾನು ಈ ತುದಿಯಲ್ಲಿ ಕೂತೆ. ಹಾವಿನ ಬುಟ್ಟಿ ಬಂದಿದ್ದರೂ ಇಷ್ಟು ದೂರ ಕೂರುತ್ತಿರಲಿಲ್ಲವೇನೋ.

ಕಳಿಸಿದವಳು ಶೋಭ. ಏಳೆಂಟು ವರ್ಷದ ಹಿಂದೆ, ಎಂಎಸ್ಸಿ ಮುಗಿಸಿ ಜೆ.ಪಿ. ನಗರದ ಒಂದು ಆಹಾರ ಪರೀಕ್ಷೆಯ ಲ್ಯಾಬಿಗೆ ಸೇರಿದ ಹೊಸತರಲ್ಲಿ, ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅವಳ ತಾಯಿ ಗೌರಮ್ಮ ಮನೆಯ ಯಜಮಾನಿ. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಸೈಟಾಗಿ ಹೋದಮೇಲೂ ಆಕೆ ನಾಲ್ಕು ಹಸು ಮಾತ್ರ ಬಿಟ್ಟಿರಲಿಲ್ಲ. ಯಾಕೆ ಆಂಟಿ, ಇಷ್ಟೆಲ್ಲಾ ಬಾಡಿಗೆ ಬರುತ್ತಲ್ಲ ಅಂದರೆ, "ಬಾಡಿಗೆಯೋರು ತಿಂಗಳಿಗೊಂದ್ಸಲ ಮಾತಾಡ್ತಾರೆ. ಹಸ ದಿನಾ ಮಾತಾಡ್ತದೆ ಕಣವ್ವ" ಅನ್ನುತ್ತಿದ್ದರು. ಹಿತ್ತಲಿನ ಶೆಡ್ಡಿನಲ್ಲಿ ಹಾಲು ಕುದಿಸಿ, ನಿಂಬೆರಸ ಹಿಂಡಿ ಒಡೆದು, ಬಟ್ಟೆ ಕಟ್ಟಿ ಕಲ್ಲು ಹೇರಿ ಪನ್ನೀರು ಮಾಡುತ್ತಿದ್ದರು. ಆಮೇಲೆ ಅದನ್ನು ನೀಲಿ ಡ್ರಮ್ಮಿನ ಐಸ್ ನೀರಿಗೆ ಇಳಿಸಿದರೆ ಗಟ್ಟಿಯಾಗುತ್ತಿತ್ತು. ಬಿಟಿಎಂ ಬಡಾವಣೆ ಕಡೆಯ ಹೋಟೆಲುಗಳು ಅವರ ಗಿರಾಕಿಗಳು.

ನನ್ನನ್ನು ಕಂಡರೆ ಅವರಿಗೆ ತಮಾಷೆ. "ಏನ್ ಲ್ಯಾಬ್ ಮೇಡಂ, ಇವತ್ತು ಎಷ್ಟ್ ಹುಳ ಹಿಡ್ದೆ?" ಎಂದು ದಿನಾ ಸಂಜೆ ಮೆಟ್ಟಿಲ ಕೆಳಗೆ ಅಡ್ಡಗಟ್ಟುತ್ತಿದ್ದರು. ಒಂದು ದಿನ ಮಾತ್ರ ನಗಲಿಲ್ಲ. ಪನ್ನೀರು ನಾಲ್ಕನೇ ದಿನಕ್ಕೆ ಹುಳಿ ಹಿಡಿದು ಲೋಳೆಯಾಗುತ್ತಿದೆ, ಹೋಟೆಲಿನವರು ವಾಪಸು ಕಳಿಸುತ್ತಿದ್ದಾರೆ. "ನೀನು ಓದಿದ್ದು ನನ್ ಪನ್ನೀರಿಗೆ ಬರ್ಲಿಲ್ಲಾಂದ್ರೆ ಇನ್ಯಾತಕ್ಕೆ ಬಂತು?" ಅಂದರು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಐಶ್ವರ್ಯ ಇರಲಿಲ್ಲ, ಹೊಸ ಡಿಗ್ರಿ ಇತ್ತು. ಒಂದು ತುಂಡನ್ನು ಲ್ಯಾಬಿಗೆ ಒಯ್ದು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿದೆ. ಹುಳಿ ತರಿಸುವ ಸಾಮಾನ್ಯ ಜೀವಿಗಳ ಜೊತೆಗೆ ಆರೇಳು ಕಪ್ಪು ಚುಕ್ಕೆಗಳಿದ್ದವು. ಲಿಸ್ಟೀರಿಯಾ. ಈ ಬ್ಯಾಕ್ಟೀರಿಯಾದ ಬಗ್ಗೆ ನಿಮಗೆ ಹೇಳಬೇಕು. ಫ್ರಿಜ್ಜಿನ ಚಳಿಗೆ ಉಳಿದವೆಲ್ಲ ಮುದುರಿ ಮಲಗುತ್ತವೆ. ಇದೊಂದು ಮಾತ್ರ ಕತ್ತಲೆಯಲ್ಲಿ, ತಣ್ಣಗೆ, ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ರುಚಿ ಕೆಡುವುದೂ ಇಲ್ಲ. ಗಟ್ಟಿಮುಟ್ಟಾದವರಿಗೆ ಹೆಚ್ಚೇನೂ ಮಾಡದೆ ಹೋಗಬಹುದು. ಬಸುರಿಯರನ್ನು ಸುಮ್ಮನೆ ಬಿಡುವುದಿಲ್ಲ, ಹೊಟ್ಟೆಯೊಳಗಿನ ಕೂಸನ್ನೇ ಹುಡುಕಿಕೊಂಡು ಹೋಗುತ್ತದೆ.

ಇದಕ್ಕೆ ಮದ್ದು ನನಗೆ ಗೊತ್ತಿತ್ತು. ನೈಸಿನ್ ಎಂಬ ಪುಡಿ. ಹಾಲಿನಲ್ಲಿರುವ ಒಂದು ಸಾಧು ಬ್ಯಾಕ್ಟೀರಿಯಾ ತನ್ನ ನೆರೆಹೊರೆಯವರನ್ನು ಕೊಲ್ಲಲು ತಯಾರಿಸುವ ವಿಷ ಅದು. ನಮಗೇನೂ ಅಪಾಯವಿಲ್ಲ, ಅಳತೆಯಲ್ಲಿ ಹಾಕಲು ಕಾನೂನಿನ ಒಪ್ಪಿಗೆಯೂ ಉಂಟು. ಜೊತೆಗೆ ಬೂಷ್ಟು ತಡೆಯುವ ಇನ್ನೊಂದು ಪುಡಿ. "ಮುಳ್ಳನ್ನ ಮುಳ್ಳಿಂದ್ಲೇ ತೆಗಿಯೋದು ಅನ್ನು" ಎಂದು ಗೌರಮ್ಮ ಒಂದೇ ಮಾತಿನಲ್ಲಿ ನನ್ನ ಎರಡು ವರ್ಷದ ಪಾಠ ಮುಗಿಸಿಬಿಟ್ಟರು. ಪುಡಿ ಹಾಕಿದ ಮರುದಿನದ ತಟ್ಟೆ ಸ್ವಚ್ಛವಾಗಿತ್ತು. ಪನ್ನೀರು ಹನ್ನೆರಡು ದಿನ ಕೆಡದೆ ನಿಂತಿತು. ಆಕೆ ನನಗೆ ಹೋಳಿಗೆ ಮಾಡಿ ಬಡಿಸಿದರು. ಕುದ್ದ ಹಾಲಿನಲ್ಲಿ ಈ ಜೀವಿ ಬದುಕುವುದಿಲ್ಲವಲ್ಲ, ಹಾಗಾದರೆ ಎಲ್ಲಿಂದ ಬಂತು ಎಂದು ಕೇಳಬೇಕಾದವಳು ನಾನು. ಶೆಡ್ಡಿಗೆ ಹೋಗಿ ನೋಡಿದ್ದೆ ಕೂಡ. ಆಕೆ ದಿನಾ ಸಂಜೆ ಡ್ರಮ್ಮನ್ನು ಹುಣಸೆಹಣ್ಣು ಹಾಕಿ ಫಳಫಳ ಉಜ್ಜುವುದನ್ನು ಕಂಡು, ಭೇಷ್ ಅಂದುಕೊಂಡು ಹೋಳಿಗೆ ತಿನ್ನಲು ಕೂತೆ.

ಆ ಹೊತ್ತಿಗೆ ಶೋಭ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಏಳು ತಿಂಗಳು. ಕೈತುಂಬ ಹಸಿರು ಬಳೆ, ನಡೆದರೆ ಮನೆಯೆಲ್ಲ ಸದ್ದು. "ಅಕ್ಕ, ಒದೀತಿದೆ ನೋಡಿ" ಎಂದು ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಆ ಒದೆತ ನನ್ನ ಅಂಗೈಯಲ್ಲಿ ಈಗಲೂ ಇದೆ. ಗೌರಮ್ಮ ಮಗಳಿಗೆಂದೇ ಒಳ್ಳೆಯ ತುಂಡುಗಳನ್ನು ಫ್ರಿಜ್ಜಿನಲ್ಲಿ ಎತ್ತಿಟ್ಟು, ದಿನಾ ಬೆಳಿಗ್ಗೆ ಸಕ್ಕರೆ ಉದುರಿಸಿ ಹಸಿಯಾಗಿಯೇ ಕೊಡುತ್ತಿದ್ದರು. "ಮೊದ್ಲು ನಾಕ್ ದಿನಕ್ಕೆ ಕೆಡ್ತಿತ್ತು, ಹಸಕ್ಕೆ ಹಾಕ್ತಿದ್ದೆ. ಈಗ ನೋಡು, ನಿನ್ ಪುಡಿ ದೆಸೆಯಿಂದ ನನ್ ಮಗಳು ತಿಂತಾಳೆ" ಅಂದರು. ನಾನು ನಾಚಿಕೊಂಡೆ.

ಮೂರು ವಾರದ ಮೇಲೆ, ಬರೀ ಕುತೂಹಲಕ್ಕೆ, ಹನ್ನೆರಡು ದಿನ ಫ್ರಿಜ್ಜಿನಲ್ಲಿದ್ದ ತುಂಡೊಂದನ್ನು ಪರೀಕ್ಷೆಗೆ ಹಾಕಿದೆ. ತುಂಡು ಬೆಳ್ಳಗಿತ್ತು, ಗಟ್ಟಿಯಾಗಿತ್ತು, ಘಮಘಮ ಎನ್ನುತ್ತಿತ್ತು. ಎರಡು ದಿನ ಬಿಟ್ಟು ನೋಡಿದರೆ ತಟ್ಟೆಯಲ್ಲಿ ಬಿಳಿಯ ಜಾಗವೇ ಇರಲಿಲ್ಲ, ಪೂರ್ತಿ ಕಪ್ಪು. ಪುಡಿ ಎಲ್ಲವನ್ನೂ ಕೊಂದಿರಲಿಲ್ಲ. ಕೆಟ್ಟಿದೆ ಎಂದು ಕೂಗಿ ಹೇಳುವ ಹುಳಿಯನ್ನೂ ಲೋಳೆಯನ್ನೂ ಬೂಷ್ಟನ್ನೂ ಸುಮ್ಮನಾಗಿಸಿತ್ತು. ಪರೀಕ್ಷೆಗೆ ಸಿಗದಷ್ಟು ಕಡಿಮೆ ಉಳಿದುಕೊಂಡ ಆ ಕೆಲವು, ಸದ್ದಿಲ್ಲದೆ ಹನ್ನೆರಡು ದಿನ ಬೆಳೆದಿದ್ದವು.

ಓಡಿಬಂದಾಗ ಗೌರಮ್ಮ ಶೆಡ್ಡಿನಲ್ಲಿ ಡ್ರಮ್ಮು ಉಜ್ಜಿ ಮುಗಿಸಿದ್ದರು. ಪಕ್ಕದಲ್ಲಿ ಒಂದು ಹಿತ್ತಾಳೆ ಚೊಂಬಿನ ತುಂಬ ನೀರು. ಉಜ್ಜಿದ ಡ್ರಮ್ಮಿಗೆ ಮೊದಲು ಆ ಚೊಂಬನ್ನು ಸುರಿದು, ಆಮೇಲೆ ನಲ್ಲಿಯ ಪೈಪು ಬಿಟ್ಟರು.

"ಅದೇನ್ ಆಂಟಿ, ಚೊಂಬಲ್ಲಿ?"

"ಹಳೇ ನೀರು. ಪಾತ್ರೆ ಬರಿದು ಬಿಡಬಾರ್ದು, ಹಳೇದ್ರ ಮೇಲೇ ಹೊಸ ನೀರು ಹುಯ್ಯಬೇಕು, ಇಲ್ದಿದ್ರೆ ಲಕ್ಷ್ಮಿ ನಿಲ್ಲಲ್ಲ. ರಾಗಿ ಕಣಜ್ದಲ್ಲೂ ಒಂದ್ ಹಿಡಿ ಬಿಡ್ತಿದ್ವಿ. ಮೊಸರಿಗೆ ಹೆಪ್ಪು ಉಳಿಸಲ್ವಾ, ಹಂಗೇ." ನೀರು ಏರುವುದನ್ನೇ ನೋಡುತ್ತಾ ಹೆಮ್ಮೆಯಿಂದ ಅಂದರು: "ಶೆಡ್ ಶುರು ಮಾಡಿದ್ ದಿನದ ನೀರು ಇವತ್ತಿಗೂ ಇದರಲ್ಲಿದೆ, ಗೊತ್ತಾ?"

ನಾನು ಡ್ರಮ್ಮಿನೊಳಗೆ ಬಗ್ಗಿ ನೋಡಿದೆ. ನೀರು ತಿಳಿಯಾಗಿತ್ತು. ನನ್ನ ಮುಖ ಕಂಡಿತು. ಅದರ ಹಿಂದಿನಿಂದ ಇನ್ಯಾರೋ ನನ್ನನ್ನು ನೋಡುತ್ತಿದ್ದಾರೆ ಅನ್ನಿಸಿತು. ವರ್ಷಗಟ್ಟಲೆ ದಿನಾ ಸಂಜೆ ಒಂದು ಚೊಂಬಿನಲ್ಲಿ ಕೂತು, ದಿನಾ ಮತ್ತೆ ಮನೆಗೆ ಬರುತ್ತಿದ್ದದ್ದು ಆ ಲಿಸ್ಟೀರಿಯಾ. ಮಾತಿಗೆ ನಿಲ್ಲದೆ ಡ್ರಮ್ಮನ್ನು ಮಗುಚಿಬಿಟ್ಟೆ. ಬ್ಲೀಚಿಂಗ್ ಪುಡಿ ಹಾಕಿ ಕೈ ಸುಡುವವರೆಗೂ ಉಜ್ಜಿದೆ. ಫ್ರಿಜ್ಜಿನಲ್ಲಿದ್ದ ತುಂಡುಗಳನ್ನೆಲ್ಲ ಹೊರಗೆಸೆದು, ಶೋಭಂಗೆ ಹಸಿ ಪನ್ನೀರು ಕೊಡಬೇಡಿ ಎಂದು ಕೂಗಾಡಿದೆ. ಯಾಕೆ ಅಂತ ಹೇಳುವಷ್ಟು ಉಸಿರು ಇರಲಿಲ್ಲ, ಧೈರ್ಯವೂ ಇರಲಿಲ್ಲ. ಗೌರಮ್ಮ ಚೊಂಬನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. "ಏನ್ ಮಾಡ್ಬಿಟ್ಟೆ ಕಣವ್ವ" ಎಂದು ಮೆಲ್ಲಗೆ ಅಂದು ಒಳಗೆ ಹೋದರು.

ಹತ್ತು ದಿನಕ್ಕೆ ಶೋಭಳಿಗೆ ಜ್ವರ ಬಂತು. ಮೂರನೇ ದಿನ ಕೂಸು ಒದೆಯುವುದನ್ನು ನಿಲ್ಲಿಸಿತು.

ಆಸ್ಪತ್ರೆಯ ವರಾಂಡದಲ್ಲಿ ಅವಳ ಗಂಡ ರಕ್ತದ ರಿಪೋರ್ಟನ್ನು ನನ್ನ ಕೈಗೆ ಕೊಟ್ಟು, "ನೀವು ಓದಿದೀರಲ್ಲ ಅಕ್ಕ, ಇದೇನು ಅಂತ ಹೇಳಿ" ಅಂದ. ನನ್ನ ತಟ್ಟೆಯಲ್ಲಿದ್ದ ಹೆಸರೇ ಅಲ್ಲೂ ಇತ್ತು. "ಒಂಥರಾ ಸೋಂಕು. ಯಾರಿಗ್ ಬೇಕಾದ್ರೂ ಬರುತ್ತೆ" ಅಂದೆ. ಗೌರಮ್ಮ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿರಲಿಲ್ಲ. "ನೀನು ಡ್ರಮ್ ಬರಿದು ಮಾಡ್ದೆ. ನನ್ ಮಗಳ ಮಡ್ಲು ಬರಿದಾಯ್ತು" ಅಂದರು.

ಅಲ್ಲ ಆಂಟಿ, ನಿಮ್ಮ ಕೈಯಾರೆ ತಿನ್ನಿಸಿದ್ದೇ ಅದು ಎಂದು ಹೇಗೆ ಹೇಳಲಿ? ನೀವಾದರೆ ಹೇಳುತ್ತಿದ್ದಿರಾ? ಆ ಅಪವಾದವನ್ನು ಹೊತ್ತುಕೊಂಡು ತಿಂಗಳೊಳಗೆ ಮನೆ ಖಾಲಿ ಮಾಡಿ ಬನಶಂಕರಿಗೆ ಬಂದೆ. ದೊಡ್ಡ ತ್ಯಾಗ ಮಾಡಿದೆನೆಂದು ಇಷ್ಟು ವರ್ಷ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನನ್ನ ಪುಡಿಯ ಮಾನವೂ ಅದರ ಜೊತೆಗೆ ಉಳಿಯಿತು ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಇದೀಗ ನಿಮಗೇ ಹೇಳುತ್ತಿರುವುದು.

ಡಬ್ಬಿ ತಲುಪಿತಾ ಎಂದು ಕೇಳಲು ಈಗ ಅರ್ಧ ಗಂಟೆಯ ಹಿಂದೆ ಶೋಭ ಫೋನು ಮಾಡಿದಳು. ಗೌರಮ್ಮ ತೀರಿಕೊಂಡು ಎರಡು ವರ್ಷವಾಯಿತಂತೆ. ಶೆಡ್ಡನ್ನು ಈಗ ಇವಳೇ ನೋಡಿಕೊಳ್ಳುತ್ತಿದ್ದಾಳೆ. "ಅಕ್ಕ, ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡಿ, ನಾನೂ ಇಟ್ಕೊಂಡಿಲ್ಲ. ಈಗ ನನಗೆ ಐದು ತಿಂಗಳು" ಅಂದಳು. ನಾನು ಮೇಜಿನ ಆ ತುದಿಯ ಡಬ್ಬಿಯನ್ನು ನೋಡಿದೆ. "ಈ ಸಲ ತುಂಬಾ ಹುಷಾರಾಗಿದೀನಿ. ಡ್ರಮ್ಮನ್ನ ಒಂದಿನಾನೂ ಬರಿದು ಮಾಡಿಲ್ಲ. ಅವತ್ತು ನೀವು ಚೆಲ್ಲಿದ್ರಲ್ಲ, ಚೊಂಬಿನ ತಳದಲ್ಲಿ ಒಂದಿಷ್ಟು ಉಳಿದಿತ್ತಂತೆ. ಅಮ್ಮ ದೇವರ ಮನೇಲಿ ಇಟ್ಟಿದ್ಲು. ಅದೇ ನೀರು ಅಕ್ಕ, ಮೊದಲ್ನೇ ದಿನದ್ದು. ನಿಮ್ ಪುಡೀನೂ ಹಾಕ್ತೀನಿ. ದಿನಾ ಬೆಳಿಗ್ಗೆ ಒಂದ್ ತುಂಡು ತಿಂತೀನಿ."

ಹೇಳಿದೆ. ಎಲ್ಲವನ್ನೂ ಹೇಳಿದೆ, ಕಪ್ಪು ತಟ್ಟೆ, ರಿಪೋರ್ಟು, ನಾನು ಆಡಿದ ಸುಳ್ಳು. "ಅಮ್ಮ ಸಾಯೋವರ್ಗೂ ನಿಮಗೆ ಶಾಪ ಹಾಕಿದ್ಲು. ನಾನೂ ಹಾಕಿದೀನಿ" ಅಂದಳು.

"ಹಾಕು. ಮೊದಲು ಆ ಡ್ರಮ್ ಚೆಲ್ಲು. ಚೊಂಬನ್ನೂ ಚೆಲ್ಲು. ಜ್ವರ ಏನಾದ್ರೂ ಇದೆಯಾ?"

"ಇಲ್ಲ. ನಿನ್ನೆಯಿಂದ ಸ್ವಲ್ಪ ಮೈಕೈ ನೋವು, ಅಷ್ಟೆ."

"ರೆಡಿಯಾಗಿರು. ಡಾಕ್ಟರಿಗೆ ನಾನೇ ಎಲ್ಲಾ ಹೇಳ್ತೀನಿ. ಇದಕ್ಕೆ ಔಷಧಿ ಇದೆ, ಬೇಗ ಕೊಟ್ರೆ ಕೇಳುತ್ತೆ. ಹೊರಟೆ."

ಫೋನು ಇಡದೆಯೇ ಅವಳು ಶೆಡ್ಡಿಗೆ ನಡೆದಳು. ನೀರು ನೆಲಕ್ಕೆ ಬೀಳುವ ಸದ್ದು ಕೇಳಿಸಿತು. ಒಂದು ಡ್ರಮ್ಮಿನಲ್ಲಿ ಅಷ್ಟು ನೀರು ಹಿಡಿಯುವುದಿಲ್ಲ, ಆದರೂ ಸುರಿಯುತ್ತಲೇ ಇತ್ತು. ಆಟೋ ಬಂದು ಕೆಳಗೆ ಹಾರ್ನು ಹೊಡೆಯಿತು. ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದವಳು ತಿರುಗಿ ನೋಡಿದೆ. ಅಡಿಗೆಮನೆಯ ಕಟ್ಟೆಯ ಮೇಲೆ ಬೆಳಿಗ್ಗೆ ತೊಳೆದಿಟ್ಟ ಬಿಂದಿಗೆ ಬರಿದಾಗಿ ಕೂತಿತ್ತು. ಓದಿದವಳು ನಾನು, ಇಪ್ಪತ್ತು ನಿಮಿಷದ ಹಿಂದೆ ಅಷ್ಟೆಲ್ಲ ವಿಜ್ಞಾನ ಹೇಳಿದವಳು. ಒಳಗೆ ಹೋಗಿ ನಲ್ಲಿ ತಿರುಗಿಸಿ, ಬಿಂದಿಗೆಗೆ ಒಂದು ಲೋಟ ನೀರು ಬಿಟ್ಟು, ಆಮೇಲೆ ಬೀಗ ಹಾಕಿದೆ.